ಸಹಾಯ ಬೇಕು: ಮುಧೋಳ ನಾಯಿಮರಿ ಬೆಕ್ಕನ್ನು ಅಟ್ಟುವುದನ್ನು ಬಿಡಿಸುವುದು ಹೇಗೆ?

ನಮಸ್ಕಾರ. ನಮ್ಮ ಮನೆಯಲ್ಲಿ ಐದು ತಿಂಗಳ ಮುಧೋಳ ತಳಿಯ ಗಂಡು ಮರಿಯಿದೆ, ಹೆಸರು ಬೀರ. ಅವನಿಗಿಂತ ಮೊದಲೇ ಮನೆಯವಳಾದ ಬೆಕ್ಕು ಚಿನ್ನಿ. ಅವಳು ಮಲಗಿದ್ದರೆ ಬೀರ ತಿರುಗಿಯೂ ನೋಡುವುದಿಲ್ಲ. ಎದ್ದು ಓಡಿದಳೋ, ಕಿವಿ ಹಿಂದಕ್ಕೆ ಒತ್ತಿ, ಕತ್ತು ಚಾಚಿ ನುಗ್ಗಿಬಿಡುತ್ತಾನೆ. ಆಗ ಎಷ್ಟು ಕೂಗಿದರೂ ಕಿವಿಗೆ ಬೀಳುವುದಿಲ್ಲ. ಕಣ್ಣಿಗೆ ಕಂಡದ್ದನ್ನು ಅಟ್ಟಿ ಹಿಡಿಯುವ ಬೇಟೆನಾಯಿ, ರಕ್ತದಲ್ಲೇ ಬಂದ ಗುಣ, ನಿಜ. ಆದರೆ ಚಿನ್ನಿ ಅಟ್ಟದಿಂದ ಇಳಿಯುವುದನ್ನೇ ಬಿಟ್ಟಿದ್ದಾಳೆ, ಊಟದ ತಟ್ಟೆಯನ್ನೂ ಮೇಲೆಯೇ ಇಡುತ್ತಿದ್ದೇವೆ. ನೋಡಿದರೆ ಕರುಳು ಚುರ್ ಎನ್ನುತ್ತದೆ.

ಸದ್ಯ ಬೀರನನ್ನು ಹಗ್ಗದಲ್ಲಿ ಹಿಡಿದು, ಬೆಕ್ಕನ್ನು ನೋಡಿಯೂ ನನ್ನತ್ತ ತಿರುಗಿದ ಕೂಡಲೇ ಬೇಯಿಸಿದ ಕೋಳಿಯ ಚೂರು ಕೊಡುತ್ತಿದ್ದೇನೆ. ಕೋಣೆಯೊಳಗೆ ಮಾತು ಕೇಳುತ್ತಾನೆ. ಅಂಗಳಕ್ಕೆ ಬಂದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಎರಡೇಟು ಹಾಕಿ ಎನ್ನುವವರಿದ್ದಾರೆ. ದಯವಿಟ್ಟು ಆ ಸಲಹೆ ಬೇಡ. ಬೆಕ್ಕು ಕಂಡಾಗಲೆಲ್ಲ ಏಟು ಬಿದ್ದರೆ ಅವನ ಸಿಟ್ಟು ಬೆಕ್ಕಿನ ಮೇಲೆಯೇ ತಿರುಗುತ್ತದೆ.

ಮುಧೋಳ ಅಥವಾ ರಾಜಪಾಳ್ಯಂ ನಾಯಿಯನ್ನು ಬೆಕ್ಕಿನ ಜೊತೆ ಸಾಕಿದವರು ಹೇಳಿ: ಹೊರಗೆ ಇದನ್ನು ಹೇಗೆ ಕಲಿಸಿದಿರಿ? ಏನನ್ನು ಕಂಡು ಧೈರ್ಯವಾಗಿ ಹಗ್ಗ ಬಿಚ್ಚಿದಿರಿ? ಹುಬ್ಬಳ್ಳಿ–ಧಾರವಾಡದಲ್ಲಿ ಹೊಡೆಯದೆ ಕಲಿಸುವ ತರಬೇತುದಾರರಿದ್ದರೆ ಅದನ್ನೂ ತಿಳಿಸಿ.