ಕ್ಯಾಮೆರಾ ಸೆನ್ಸರ್ ಮೇಲಿನ ಕಲೆ: ಧೂಳಾ, ಎಣ್ಣೆಯಾ, ಒಣಗಿದ ಹನಿಯಾ?

ಬೆಳಕುಗಿಂಡಿ: ಸೆಕೆಂಡ್ ಹ್ಯಾಂಡ್ ನಿಕಾನ್ ಡಿ750 ಕ್ಯಾಮೆರಾ ಬಾಡಿ. ಎಫ್/16ರಲ್ಲಿ (ಲೆನ್ಸಿನ ಕಿಂಡಿ ಕಿರಿದು ಮಾಡಿ) ಆಕಾಶ ತೆಗೆದರೆ ಫೋಟೋದ ಬಲ ಮೇಲ್ಮೂಲೆಯಲ್ಲಿ ಏಳೆಂಟು ಚುಕ್ಕೆ, ನಡುವೆ ಒಂದು ದೊಡ್ಡ ಕಲೆ. ಕಿಂಡಿ ಅಗಲವಿರುವ ಎಫ್/4ರಲ್ಲಿ ಏನೂ ಕಾಣಲ್ಲ. ಝೂಮ್ ಲೆನ್ಸ್ ತೆಗೆದು 50 ಮಿ.ಮೀ. ಲೆನ್ಸ್ ಹಾಕಿದರೆ ಮೂಲೆಯ ಚುಕ್ಕೆಗಳು ತುಸು ಜರುಗುತ್ತವೆ, ನಡುವಿನದು ಅಲ್ಲೇ ಇರುತ್ತೆ. ಮೆನುವಿನ ಸೆನ್ಸರ್ ಕ್ಲೀನಿಂಗಿಗೂ ರಬ್ಬರ್ ಬ್ಲೋವರಿಗೂ ಜಗ್ಗಿಲ್ಲ. ಸ್ವ್ಯಾಬ್ (ಸೆನ್ಸರ್ ಒರೆಸುವ, ತುದಿಗೆ ಬಟ್ಟೆಯಿರುವ ಕಡ್ಡಿ) ತರಿಸಲಾ, ಸರ್ವೀಸಿಗೆ ಕೊಡಲಾ?

ಟೆಲಿಫೋಟೋ_ತಮ್ಮ: ಲೆನ್ಸ್ ಬದಲಿಸಿದಾಗ ಜರುಗುತ್ತೆ ಅಂದರೆ ತೊಂದರೆ ಲೆನ್ಸಲ್ಲೇ. ಸೆನ್ಸರಿಗೆ ಅಂಟಿದ್ದು ಜರುಗೋದು ಹೇಗೆ? ಲೆನ್ಸಿನ ಹಿಂದಿನ ಗಾಜು ಒರೆಸಿ ನೋಡಿ. ಸೆನ್ಸರಿಗಂತೂ ಮನೆಯಲ್ಲಿ ಕೈ ಹಾಕಬೇಡಿ, ಗೀರು ಬಿದ್ದರೆ ರಿಪೇರಿ ಬಿಲ್ಲು ನೋಡೋಕಾಗಲ್ಲ.

ಕತ್ತಲೆಕೋಣೆ: ತಮ್ಮಾ, ಜರುಗುವುದು ನೆರಳು, ಧೂಳಲ್ಲ. ಕಣ ಕೂರುವುದು ಪಿಕ್ಸೆಲ್ ಮೇಲಲ್ಲ, ಅದರ ಮುಂದಿನ ಫಿಲ್ಟರ್ ಗಾಜಿನ ಮೇಲೆ. ನಡುವೆ ಸುಮಾರು 2 ಮಿ.ಮೀ. ಅಂತರ ಅಂತಿಟ್ಟುಕೊಳ್ಳಿ. ಲೆನ್ಸ್ ಬದಲಾದರೆ ಅಂಚಿಗೆ ಬೆಳಕು ಬೀಳುವ ಕೋನ ಬದಲಾಗುತ್ತೆ, ನೆರಳು ಕೆಲವು ಹತ್ತು ಪಿಕ್ಸೆಲ್ ಆಚೀಚೆ ಆಗುತ್ತೆ. ನಡುವೆ ಬೆಳಕು ನೇರ ಬೀಳುವುದರಿಂದ ಅಲ್ಲಿನ ಕಲೆ ಅಲುಗಲ್ಲ. ಬೆಳಕುಗಿಂಡಿ ಹೇಳಿದ್ದೂ ಇದನ್ನೇ.

ಎಫ್/4ರಲ್ಲಿ ಮಾಯವಾಗುವುದಕ್ಕೂ ಆ ಅಂತರವೇ ಕಾರಣ. 2 ಮಿ.ಮೀ. ಅನ್ನು ಎಫ್ ಸಂಖ್ಯೆಯಿಂದ ಭಾಗಿಸಿ. ಎಫ್/4ರಲ್ಲಿ ನೆರಳಿನ ಅಂಚು 0.5 ಮಿ.ಮೀ. ಹರಡುತ್ತೆ, ಎಫ್/22ರಲ್ಲಿ 0.09. ಡಿ750ರ ಪಿಕ್ಸೆಲ್ ಅಗಲ ಸುಮಾರು 6 ಮೈಕ್ರಾನ್, ಹಾಗಾಗಿ 80 ಪಿಕ್ಸೆಲ್ ದಾಟಿ ಹರಡಿದ್ದು 15ಕ್ಕೆ ಇಳಿಯುತ್ತೆ. ಗಾಜಿನೊಳಗೆ ಬೆಳಕು ಬಾಗುವುದನ್ನು ಬಿಟ್ಟ ಒರಟು ಲೆಕ್ಕ ಇದು, ಆದರೂ ವಿಷಯ ಅರ್ಥವಾಗೋಕೆ ಸಾಕು. ಲೆನ್ಸಿನ ಮುಂದಿನ ಗಾಜಿನ ಧೂಳು ಹೀಗೆ ಚುಕ್ಕೆಯಾಗಿ ಮೂಡುವುದೇ ಇಲ್ಲ. ಹಾಟ್ ಪಿಕ್ಸೆಲ್ (ಕೆಟ್ಟು ಸದಾ ಹೊಳೆಯುವ ಪಿಕ್ಸೆಲ್) ಆಗಿದ್ದರೆ ಎಲ್ಲ ಎಫ್ ಸಂಖ್ಯೆಯಲ್ಲೂ ಒಂದೇ ಥರದ ಬಣ್ಣದ ಚುಕ್ಕೆ ಇರುತ್ತಿತ್ತು, ಅದಕ್ಕೆ ಒರೆಸುವುದು ಮದ್ದಲ್ಲ.

ಮೊದಲು ಸರಿಯಾದ ಟೆಸ್ಟ್ ಶಾಟ್ ತೆಗೆಯಿರಿ. ಐಎಸ್‌ಒ 100, ಎಫ್/22, ಮ್ಯಾನುಯಲ್ ಫೋಕಸ್ ಅನಂತಕ್ಕೆ. ಲ್ಯಾಪ್‌ಟಾಪಿನ ಬಿಳಿ ಸ್ಕ್ರೀನ್ ಹತ್ತಿರ ಹಿಡಿದು, ಒಂದು ಸ್ಟಾಪ್ (ಎರಡರಷ್ಟು ಬೆಳಕು) ಹೆಚ್ಚು ಎಕ್ಸ್‌ಪೋಸ್ ಮಾಡಿ, ಶಟರ್ ತೆರೆದಿರುವಾಗ ಕ್ಯಾಮೆರಾ ಅಲ್ಲಾಡಿಸಿ. ಸ್ಕ್ರೀನಿನದೆಲ್ಲ ಕಲಸಿಹೋಗುತ್ತೆ, ಸೆನ್ಸರಿನದು ಮಾತ್ರ ನಿಲ್ಲುತ್ತೆ. ಕಾಂಟ್ರಾಸ್ಟ್ ಏರಿಸಿ 100%ರಲ್ಲಿ ನೋಡಿ, ಚುಕ್ಕೆಯ ಆಕಾರ ಹೇಳಿ.

ಬೆಳಕುಗಿಂಡಿ: ತೆಗೆದೆ. ಮೂಲೆಯವೆಲ್ಲ ದುಂಡಗಿವೆ, ನಡು ತಿಳಿ, ಸುತ್ತ ಕಪ್ಪು ಉಂಗುರ. ನಡುವಿನ ದೊಡ್ಡದಕ್ಕೆ ನಿರ್ದಿಷ್ಟ ಆಕಾರ ಇಲ್ಲ, ಅಂಚು ಗಾಢ, ಒಳಗೆ ಮಬ್ಬು.

ಧಾರವಾಡ_ಕ್ಲಿಕ್: ಉಂಗುರ ಐತಿ ಅಂದ್ರ ಎಣ್ಣಿ ಹನಿ. ಗಾಳಿಗೆ ಅದು ಹೋಗೂದಿಲ್ರಿ. ಜೆಲ್ ಸ್ಟಿಕ್ (ತುದಿಗೆ ಅಂಟು ಜೆಲ್ ಇರೂ ಕಡ್ಡಿ) ಒತ್ತಬ್ಯಾಡ್ರಿ, ಅದು ಒಣ ಧೂಳಿಗೆ ಅಷ್ಟ. ಎಣ್ಣಿ ಮ್ಯಾಲೆ ಒತ್ತಿದ್ರ ಜೆಲ್ ಹೊಲಸಾಗಿ ಆ ಎಣ್ಣಿನ್ನ ಇನ್ನೊಂದು ಕಡೆ ಮುದ್ರಿ ಹೊಡಿತದ.

24 ಮಿ.ಮೀ. ಸ್ವ್ಯಾಬ್ ತರಸ್ರಿ, ನಿಮ್ಮ ಫುಲ್ ಫ್ರೇಮ್ ಸೆನ್ಸರ್ ಎತ್ತರಕ್ಕ ಸರಿ ಕೂಡ್ತದ. ಎಪಿಎಸ್-ಸಿ, ಅಂದ್ರ ಸಣ್ಣ ಸೆನ್ಸರ್ ಇದ್ದವರಿಗೆ 16. ಬ್ಯಾಟರಿ ಫುಲ್ ಚಾರ್ಜ್ ಮಾಡಿ ಮೆನುದಾಗ ಲಾಕ್ ಮಿರರ್ ಅಪ್ ಫಾರ್ ಕ್ಲೀನಿಂಗ್ ಹಚ್ರಿ. ಬಲ್ಬ್ ಮೋಡ್‌ನಾಗ ಶಟರ್ ತಗದು ಕೆಲಸ ಮಾಡೂದು ಬ್ಯಾಡ. ಅದರಾಗ ಬಟನ್ ಒತ್ತಿದಷ್ಟ ಹೊತ್ತು ಶಟರ್ ತೆರೆದಿರ್ತದ, ಬೆರಳು ಜಾರಿದ್ರ ಅದರ ಪರದೆ ಬಂದು ಸ್ವ್ಯಾಬಿಗೆ ಬಡಿತದ. ಮೌಂಟ್ (ಲೆನ್ಸ್ ಕೂಡೂ ಬಾಯಿ) ಕೆಳಮುಖ ಹಿಡಿದು ಮತ್ತೊಮ್ಮೆ ಬ್ಲೋವರ್ ಹೊಡೀರಿ, ಮೂತಿ ಮೌಂಟ್ ಒಳಗ ತೂರಿಸಬ್ಯಾಡ್ರಿ. ಉಸುಕಿನ ಕಣ ಉಳಿದಿದ್ರ ಗೀರು ಬೀಳೂದು ಅದರಿಂದನ. ಡಬ್ಬಿ ಗಾಳಿ ಅಂತೂ ಮುಟ್ಟಬ್ಯಾಡ್ರಿ, ಒಳಗಿನ ದ್ರವನ ಸಿಡಿದು ಗಾಜಿನ ಮ್ಯಾಲೆ ಕೂಡ್ತದ.

ಸ್ವ್ಯಾಬ್ ತುದಿಗೆ ಕ್ಲೀನಿಂಗ್ ದ್ರವ ಎರಡು ಹನಿ, ಭಾಳಂದ್ರ ಮೂರು. ಹತ್ತು ಸೆಕೆಂಡ್ ಬಿಡ್ರಿ, ಬಟ್ಟಿ ಪೂರ್ತಿ ಹೀರ್ಲಿ. ಒಂದು ಅಂಚಿಗಿಟ್ಟು, ತುದಿ ಸ್ವಲ್ಪ ಬಾಗೂವಷ್ಟು ಒತ್ತಿ, ಇನ್ನೊಂದು ಅಂಚಿನ ತನಕ ಒಂದ ಎಳಿತ. ಮಗ್ಗಲು ಬದಲಿಸಿ ವಾಪಸ್ ಒಂದು. ಅಲ್ಲಿಗೆ ಆ ಸ್ವ್ಯಾಬ್ ಕಸದ ಬುಟ್ಟಿಗೆ. ರೊಕ್ಕದ ಮುಖ ನೋಡಿ ಅದನ್ನ ಮತ್ತ ಬಳಸಿದ್ರ ಎತ್ತಿದ ಹೊಲಸನ್ನ ವಾಪಸ್ ಬಳದಂಗ.

ಕಡಲಮಂಜು: ಎಣ್ಣೆಯ ಮಟ್ಟಿಗೆ ಒಪ್ಪಿದೆ. ನಡುವಿನದು ಎಣ್ಣೆ ಅಲ್ಲ. ಅಂಚು ಗಾಢ, ಒಳಗೆ ಮಬ್ಬು ಅಂದರೆ ನೀರು ಒಣಗಿದ ಗುರುತು. ಹಿಂದಿನ ಮಾಲೀಕರು ಬಾಯಲ್ಲಿ ಊದಿರಬಹುದು. ಎಂಜಲಲ್ಲಿ ಲವಣ, ಪ್ರೋಟೀನ್ ಎರಡೂ ಇವೆ. ಸ್ವ್ಯಾಬ್ ಜೊತೆ ಬರುವ ದ್ರವ ಕೆಲವು ಸಲ ಬರೀ ಮೆಥನಾಲ್ (ಒಂದು ಬಗೆಯ ಆಲ್ಕೋಹಾಲ್). ಲವಣ ಅದರಲ್ಲಿ ನೀರಿನಲ್ಲಿ ಕರಗಿದಷ್ಟು ಕರಗಲ್ಲ. ಆಗ ಎಷ್ಟು ಸ್ವ್ಯಾಬ್ ಎಳೆದರೂ ಕಲೆ ತೆಳ್ಳಗಾಗಿ ಅಗಲವಾಗುತ್ತೆ ಅಷ್ಟೇ. ಮೊದಲು ಡಿಸ್ಟಿಲ್ಡ್ ವಾಟರ್ ಒಂದು ಹನಿ ಹಾಕಿದ ಸ್ವ್ಯಾಬ್, ಅದು ಒಣಗುವ ಮುನ್ನ ಆಲ್ಕೋಹಾಲಿನದು. ಮೆಡಿಕಲ್ ಶಾಪಿನ 70% ಸ್ಪಿರಿಟ್ ಬೇಡ, ಅದರಲ್ಲಿರುವ ಉಳಿದ ಪದಾರ್ಥ ಒಣಗಿ ಹೊಸ ಗೆರೆ ಬಿಡುತ್ತೆ.

ಧಾರವಾಡ_ಕ್ಲಿಕ್: ನೀರು ಯಾಕ್ರಿ? ಹೆಚ್ಚಾದ್ರ ಗಾಜಿನ ಅಂಚಿನ್ಯಾಗ ಇಳಿತದ. ಎರಡು ಸ್ವ್ಯಾಬ್ ಎಳದ್ರ ಯಾವ ಕಲಿ ಇದ್ರೂ ಹೋಗ್ತದ.

ಕಡಲಮಂಜು: ಒಂದೇ ಹನಿ ಅಂದದ್ದು ಅದಕ್ಕೇ. ಯಾವ ಕಲೆ ಅಂತ ನೋಡದೆ ಎಳೆಯುತ್ತಾ ಹೋದರೆ ಸ್ವ್ಯಾಬ್ ಪೊಟ್ಟಣ ಖಾಲಿ, ಕಲೆ ಅಲ್ಲೇ.

ಕತ್ತಲೆಕೋಣೆ: ಕಡಲಮಂಜು ಹೇಳಿದ್ದು ಸರಿ, ಆದರೆ ಅನುಕ್ರಮ ತಿರುಗಿಸಿ. ಎಣ್ಣೆ ಇರುವ ಗಾಜಿನ ಮೇಲೆ ನೀರು ಸರಿಯಾಗಿ ಹರಡಲ್ಲ. ಮೊದಲು ಎಣ್ಣೆಗೆ ಒಂದು ಸ್ವ್ಯಾಬ್, ಟೆಸ್ಟ್ ಶಾಟ್. ನಡುವಿನದು ಉಳಿದರೆ ಮಾತ್ರ ನೀರು.

ಎಲ್ಲಿ ಒರೆಸಬೇಕು ಅನ್ನುವುದರಲ್ಲಿ ಬಹಳ ಜನ ಎಡವುತ್ತಾರೆ. ಸೆನ್ಸರ್ ಮೇಲೆ ಬಿಂಬ ತಲೆಕೆಳಗು. ಕ್ಯಾಮೆರಾ ನೆಟ್ಟಗೆ ಹಿಡಿದು ಎದುರಿನಿಂದ ನೋಡಿದರೆ ಮೇಲೆ-ಕೆಳಗೆ ಅದಲುಬದಲು, ಎಡ-ಬಲ ಹಾಗೇ. ಫೋಟೋದ ಬಲ ಮೇಲ್ಮೂಲೆ ಅಂದರೆ ನಿಮ್ಮ ಕಣ್ಣಿಗೆ ಬಲ ಕೆಳಮೂಲೆ. ಸ್ವ್ಯಾಬನ್ನು ಆ ಮೂಲೆಯಿಂದಲೇ ಶುರು ಮಾಡಬೇಡಿ, ಅಲ್ಲಿ ಮುಗಿಯುವಂತೆ ಎಳೆಯಿರಿ. ಇಲ್ಲದಿದ್ದರೆ ಎಣ್ಣೆ ಇಡೀ ಗಾಜಿಗೆ ಹಚ್ಚಿದಂತಾಗುತ್ತೆ. ಸ್ವ್ಯಾಬ್ ಕನ್ನಡಿ ಪೆಟ್ಟಿಗೆಯ ಗೋಡೆಗೆ ತಾಗಿದರೆ ಎಸೆದು ಹೊಸದು ತೆಗೆದುಕೊಳ್ಳಿ, ಅಲ್ಲಿ ಗ್ರೀಸ್ ಇರುತ್ತೆ.

ಟೆಲಿಫೋಟೋ_ತಮ್ಮ: ಲೆನ್ಸ್ ವಿಷಯ ಬಿಟ್ಟೆ. ಆದರೆ ಎಣ್ಣೆ ಬಂದದ್ದು ಎಲ್ಲಿಂದ? 2012ರ ಡಿ600ರಲ್ಲೂ ಇದೇ ಚುಕ್ಕೆಗಳ ಗಲಾಟೆ, ನಿಕಾನ್ ಕಡೆಗೆ ಶಟರ್ ಜೋಡಣೆಯನ್ನೇ ಉಚಿತವಾಗಿ ಬದಲಿಸಿಕೊಟ್ಟಿತು. ಒರೆಸಿದ ಮೇಲೆ ಮತ್ತೆ ಬಂದರೆ? ಇನ್ನು ಸೆನ್ಸರೇ ಅಲುಗಾಡುವ ಸ್ಟೆಬಿಲೈಸರ್ (ಕೈ ನಡುಕ ಸರಿದೂಗಿಸುವ ವ್ಯವಸ್ಥೆ) ಇರುವ ಮಿರರ್‌ಲೆಸ್ (ಕನ್ನಡಿ ಇಲ್ಲದ ಕ್ಯಾಮೆರಾ) ಇಟ್ಟುಕೊಂಡವರು ಇದನ್ನು ಓದಿ ಹೀಗೇ ಒತ್ತಿದರೆ?

ಕತ್ತಲೆಕೋಣೆ: ಎರಡೂ ಒಳ್ಳೆ ಪ್ರಶ್ನೆ. ಮಿರರ್‌ಲೆಸ್‌ನಲ್ಲಿ ಕಂಪನಿ ಕೊಟ್ಟ ಕ್ಲೀನಿಂಗ್ ಮೋಡ್ ಬಿಟ್ಟು ಬೇರೆ ದಾರಿ ಇಲ್ಲ. ಕೆಲವು ಬಾಡಿ ಆಫ್ ಆದಾಗ ಶಟರ್ ಮುಚ್ಚುತ್ತವೆ, ಕೆಲವದರಲ್ಲಿ ಸೆನ್ಸರ್ ಹಿಡಿತವಿಲ್ಲದೆ ತೂಗಾಡುತ್ತೆ. ಒತ್ತಡ ಇನ್ನೂ ಕಡಿಮೆ ಇರಲಿ.

ಎಣ್ಣೆಗೆ: ಒರೆಸಿದ ಕೂಡಲೇ ಒಂದು ಟೆಸ್ಟ್ ಶಾಟ್ ತೆಗೆದು ಇಟ್ಟುಕೊಳ್ಳಿ. ಮುನ್ನೂರು ಕ್ಲಿಕ್ ಆದ ಮೇಲೆ ಇನ್ನೊಂದು. ಮಳೆಗಾಲದಲ್ಲಿ ಬಾಡಿಯನ್ನು ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲೇ ಇಟ್ಟಿರಿ, ನಡುವೆ ಹೊಸ ಹನಿ ಗುರುತು ಬಂದರೆ ಹೋಲಿಕೆಯೇ ಕೆಡುತ್ತೆ. ಅದೇ ಮೂಲೆಯಲ್ಲಿ ಮತ್ತೆ ಉಂಗುರ ಕಂಡರೆ ಎಣ್ಣೆ ಶಟರಿನಿಂದ ಸಿಡಿಯುತ್ತಿದೆ, ಆಗ ಸ್ವ್ಯಾಬಿಗೆ ದುಡ್ಡು ಸುರಿಯುವುದು ಬಿಟ್ಟು ಎರಡೂ ಫೋಟೋ ಹಿಡಿದು ಸರ್ವೀಸ್ ಸೆಂಟರಿಗೆ ಹೋಗಿ.

ಟೆಲಿಫೋಟೋ_ತಮ್ಮ: ನಾನು ಮೊದಲೇ ಹೇಳಿದ್ದು ಅದನ್ನೇ.

ಧಾರವಾಡ_ಕ್ಲಿಕ್: ಲೆನ್ಸ್ ಒರಸ್ರಿ ಅಂದಿದ್ರಿ.