ಐರ್ಲೆಂಡ್ ರಾಜಕೀಯದಲ್ಲಿ ಎಡ ಯಾರು, ಬಲ ಯಾರು? ಅಲ್ಲಿರುವವರು ಹೇಳಿ

ಕೇಳಿದವರು (ಡಬ್ಲಿನ್‌ಗೆ ಹೊಸಬರು):
ಆಫೀಸಿನಲ್ಲಿ ಊಟದ ಹೊತ್ತಿಗೆ ರಾಜಕೀಯ ಶುರುವಾದರೆ ನಾನು ಸುಮ್ನೆ ತಲೆಯಾಡಿಸುತ್ತೇನೆ. ಫಿಯನಾ ಫಾಲ್, ಫಿನ ಗೇಲ್ ಎರಡೂ ಪಕ್ಷಗಳದ್ದು ಎಣ್ಣೆ ಸೀಗೆಕಾಯಿ ಸಂಬಂಧ ಅಂತಾರೆ. ಆದರೆ ಸರ್ಕಾರ ನಡೆಸುತ್ತಿರುವುದು ಇಬ್ಬರೂ ಸೇರಿ! ಇವರಲ್ಲಿ ಎಡ ಯಾರು, ಬಲ ಯಾರು? ನೀವೆಲ್ಲ ಹೇಗೆ ಅರ್ಥ ಮಾಡಿಕೊಂಡಿರಿ?

ಡಬ್ಲಿನ್, ಐಟಿ ಕೆಲಸ:
ಆ ಎರಡು ಪಕ್ಷಗಳಿಗೆ ಎಡ-ಬಲದ ಅಳತೆ ಹಿಡಿಯಲೇಬೇಡಿ. ಅವು ಬೇರೆಯಾಗಿದ್ದು ತೆರಿಗೆ, ಸಬ್ಸಿಡಿ ವಿಷಯಕ್ಕಲ್ಲ. 1921ರಲ್ಲಿ ಸ್ವಾತಂತ್ರ್ಯದ ವಿಷಯವಾಗಿ ಬ್ರಿಟನ್ ಜೊತೆ ಆದ ಒಪ್ಪಂದವನ್ನು ಒಪ್ಪಬೇಕೋ ಬೇಡವೋ ಅನ್ನುವ ಜಗಳ ಅದು. ಇಲ್ಲಿನ ಸಂಸತ್ತು 64-57 ಮತಗಳಲ್ಲಿ ಒಪ್ಪಿತು. ಆಮೇಲೆ 1922-23ರಲ್ಲಿ ಅಂತರ್ಯುದ್ಧ. ಒಪ್ಪದ ಕಡೆಯಿದ್ದ ಡಿ ವೆಲೆರಾ 1926ರಲ್ಲಿ ಫಿಯನಾ ಫಾಲ್ ಕಟ್ಟಿದರು. ಒಪ್ಪಿದವರ ಪಕ್ಷ ಬೇರೆ ಗುಂಪುಗಳ ಜೊತೆ ಸೇರಿ 1933ರಲ್ಲಿ ಫಿನ ಗೇಲ್ ಆಯಿತು. ಅಜ್ಜ ಯಾವ ಕಡೆಯಿದ್ದರೋ ಮೊಮ್ಮಗನ ಓಟೂ ಅದೇ ಕಡೆಗೆ. ಎಷ್ಟೋ ಮನೆಗಳಲ್ಲಿ ಬಹಳ ಕಾಲ ಹೀಗೇ ನಡೆಯಿತು. ಸಣ್ಣ ರೈತರು, ಕೂಲಿಯವರು ಫಿಯನಾ ಫಾಲ್ ಕಡೆ ಜಾಸ್ತಿ. ದೊಡ್ಡ ಜಮೀನಿನವರು, ವ್ಯಾಪಾರಿಗಳು ಫಿನ ಗೇಲ್ ಕಡೆ. ಈಗ ಎರಡೂ ನಡುವಿನಲ್ಲಿ, ಸ್ವಲ್ಪ ಬಲಕ್ಕೆ ವಾಲಿಕೊಂಡಿವೆ. ಒಂದೇ ಸರ್ಕಾರದಲ್ಲಿ ಕೂತಿದ್ದು ಮೊದಲ ಸಲ 2020ರಲ್ಲಿ. ಪ್ರಧಾನಿ ಕುರ್ಚಿಯನ್ನೂ ಸರದಿಯಲ್ಲಿ ಹಂಚಿಕೊಂಡರು.

ಕಾರ್ಕ್, ಆಸ್ಪತ್ರೆಯಲ್ಲಿ ನರ್ಸ್:
ನನಗೆ ಸುಲಭವಾದ ದಾರಿ, ಯುರೋಪಿಯನ್ ಸಂಸತ್ತಿನಲ್ಲಿ ಯಾರು ಯಾರ ಪಕ್ಕ ಕೂರುತ್ತಾರೆ ಅಂತ ನೋಡುವುದು. ಫಿನ ಗೇಲ್ ನಡುಬಲದ ಗುಂಪಿನಲ್ಲಿದೆ, ಫಿಯನಾ ಫಾಲ್ ಲಿಬರಲ್‌ಗಳ ಜೊತೆ, ಲೇಬರ್ ಸೋಷಿಯಲಿಸ್ಟರ ಜೊತೆ, ಶಿನ್ ಫೇನ್ ಎಡಪಂಥೀಯರ ಜೊತೆ.

ಶಿನ್ ಫೇನ್ ನೋಡಿ ಗೊಂದಲವಾಗಬೇಡಿ. ಉತ್ತರ ಐರ್ಲೆಂಡ್ ಕೂಡ ಸೇರಿ ದೇಶ ಒಂದಾಗಬೇಕು ಅನ್ನುವ ಪಕ್ಕಾ ರಾಷ್ಟ್ರವಾದಿಗಳು, ಆದರೆ ಮನೆ, ಬಾಡಿಗೆ ವಿಷಯದಲ್ಲಿ ಎಡಕ್ಕೆ. ಏನ್‌ಟೂ ಇನ್ನೊಂದು ಥರ. ಗರ್ಭಪಾತದ ವಿಷಯದಲ್ಲಿ ಶಿನ್ ಫೇನ್ ಬಿಟ್ಟು ಬಂದ ಪ್ಯಾಡರ್ ಟೋಬೀನ್ 2019ರಲ್ಲಿ ಕಟ್ಟಿದ ಪಕ್ಷ. ದುಡ್ಡಿನ ವಿಷಯಕ್ಕೆ ಎಡ, ಕುಟುಂಬ-ಧರ್ಮದ ವಿಷಯಕ್ಕೆ ಸಂಪ್ರದಾಯಸ್ಥರು. ಒಂದೇ ಗೆರೆ ಮೇಲೆ ಎಲ್ಲಿಡುತ್ತೀರಿ ಹೇಳಿ?

ಕೇಳಿದವರು:
ಲೇಬರ್, ಗ್ರೀನ್ಸ್?

ಕಾರ್ಕ್, ನರ್ಸ್:
ಎರಡೂ ನಡುಎಡ. ದೊಡ್ಡವರ ಜೊತೆ ಸರ್ಕಾರ ಸೇರಿ ಏಟು ತಿನ್ನುವುದೇ ಅವರ ಹಣೆಬರಹ. ಲೇಬರ್ 2011ರಲ್ಲಿ 37 ಸೀಟು ಗೆದ್ದು 2016ರಲ್ಲಿ 7ಕ್ಕೆ ಇಳಿಯಿತು. ಗ್ರೀನ್ಸ್ 2020ರಲ್ಲಿ 12, 2024ರಲ್ಲಿ 1.

ಗಾಲ್ವೇ, ಪಿಎಚ್‌ಡಿ ಮಾಡುತ್ತಿರುವವರು:
ಪ್ರಣಾಳಿಕೆ ಪಕ್ಕಕ್ಕಿಡಿ, ಎಣಿಕೆ ನೋಡಿ. ಇಲ್ಲಿ ಒಂದು ಕ್ಷೇತ್ರಕ್ಕೆ 3ರಿಂದ 5 ಸದಸ್ಯರು. ಮತದಾರರು ಅಭ್ಯರ್ಥಿಗಳ ಮುಂದೆ 1, 2, 3 ಅಂತ ಬರೆಯುತ್ತಾರೆ. ಕಡಿಮೆ ಮತ ಬಿದ್ದವರನ್ನು ಕೈಬಿಟ್ಟು, ಅವರ ಚೀಟಿಗಳನ್ನು ಮುಂದಿನ ನಂಬರಿನವರಿಗೆ ದಾಟಿಸುತ್ತಾರೆ. ಎಣಿಕೆಯ ಹಾಲ್‌ನಲ್ಲಿ ಪಕ್ಷದವರು ಕಟಕಟೆಗೆ ಒರಗಿಕೊಂಡು, ಚೀಟಿ ಬಿಚ್ಚುತ್ತಿದ್ದ ಹಾಗೇ ಯಾರಿಗೆ 1 ಬಿದ್ದಿದೆ ಅಂತ ಗೀಟು ಹಾಕಿಕೊಳ್ಳುತ್ತಾರೆ. ಅಧಿಕೃತ ಫಲಿತಾಂಶಕ್ಕಿಂತ ಎಷ್ಟೋ ಗಂಟೆ ಮೊದಲೇ ಆ ಹಾಳೆಯ ಲೆಕ್ಕ ರೇಡಿಯೋಗೆ ಹೋಗಿರುತ್ತದೆ!

ನಿಮ್ಮ ಪ್ರಶ್ನೆಗೆ ಉತ್ತರ ಆ ಚೀಟಿಗಳ ಓಡಾಟದಲ್ಲಿದೆ. ಪೀಪಲ್ ಬಿಫೋರ್ ಪ್ರಾಫಿಟ್ ಅನ್ನುವ ಕಟ್ಟಾ ಎಡ ಪಕ್ಷದ ಅಭ್ಯರ್ಥಿ ಹೊರಬಿದ್ದರೆ ಹೆಚ್ಚಿನವು ಶಿನ್ ಫೇನ್, ನಡುಎಡದ ಸೋಷಿಯಲ್ ಡೆಮಾಕ್ರಾಟ್ಸ್ ಕಡೆ ಹೋಗುತ್ತವೆ. ಫಿಯನಾ ಫಾಲ್ ಚೀಟಿ ಈಗೀಗ ಸಲೀಸಾಗಿ ಫಿನ ಗೇಲ್ ಕಡೆ. ಅಜ್ಜಂದಿರ ಜಗಳ ಅಲ್ಲಿಗೆ ಮುಗಿಯಿತು ಅಲ್ವಾ? 2025ರ ಅಕ್ಟೋಬರ್‌ನ ಅಧ್ಯಕ್ಷರ ಚುನಾವಣೆಯಲ್ಲಂತೂ ಗೆರೆ ಎದ್ದು ಕಂಡಿತು. ಪಕ್ಷೇತರರಾದ ಕ್ಯಾಥರಿನ್ ಕಾನಲಿ ಹಿಂದೆ ಶಿನ್ ಫೇನ್, ಲೇಬರ್, ಸೋಷಿಯಲ್ ಡೆಮಾಕ್ರಾಟ್ಸ್, ಗ್ರೀನ್ಸ್ ಎಲ್ಲ ನಿಂತರು. ಫಿನ ಗೇಲ್‌ನ ಹೆದರ್ ಹಂಫ್ರೀಸ್ ವಿರುದ್ಧ ಅವರು ಭಾರಿ ಅಂತರದಲ್ಲಿ ಗೆದ್ದರು.

ಕೆರ್ರಿ, ಹೋಟೆಲ್ ಕೆಲಸ:
ಇವೆಲ್ಲ ಡಬ್ಲಿನ್ ಮಾತು. ನಮ್ಮ ಕಡೆ ಪಕ್ಷೇತರರದ್ದೇ ಹವಾ. ಇಲ್ಲಿನ ಹೀಲಿ-ರೇ ಅಣ್ಣತಮ್ಮಂದಿರನ್ನು ಎಡವೋ ಬಲವೋ ಅಂತ ಯಾರೂ ಕೇಳುವುದಿಲ್ಲ, ರಸ್ತೆ ಯಾವಾಗ ಆಗುತ್ತೆ ಅಂತ ಕೇಳುತ್ತಾರೆ. 2024ರ ನವೆಂಬರ್‌ನಲ್ಲಿ ನಡೆದ ಸಂಸತ್ ಚುನಾವಣೆಯಲ್ಲಿ, 174 ಸೀಟುಗಳ ಪೈಕಿ ಫಿಯನಾ ಫಾಲ್‌ಗೆ 48, ಫಿನ ಗೇಲ್‌ಗೆ 38 ಬಂತು. ಒಟ್ಟು 86, ಬಹುಮತಕ್ಕೆ ಎರಡು ಕಮ್ಮಿ. ಆ ಕೊರತೆ ತುಂಬಿದವರು ಪಕ್ಷೇತರರೇ.

ಡಬ್ಲಿನ್, ಐಟಿ ಕೆಲಸ:
ಇನ್ನೊಂದು ಮಾತು, ಹೊಸಬರಿಗೆ ಗೊತ್ತಿರುವುದಿಲ್ಲ. ಕೌನ್ಸಿಲ್ (ಸ್ಥಳೀಯ ಸಂಸ್ಥೆ) ಚುನಾವಣೆಯಲ್ಲಿ ಓಟು ಹಾಕುವುದಕ್ಕೆ ಇಲ್ಲಿನ ಪೌರತ್ವ ಬೇಡ. ಇಲ್ಲಿ ವಾಸವಿದ್ದು 18 ತುಂಬಿದ್ದರೆ ಸಾಕು, ಈಗಲೇ ಹೆಸರು ಸೇರಿಸಿಕೊಳ್ಳಿ. ಮುಂದಿನದು 2029ರಲ್ಲಿ. ಅಭ್ಯರ್ಥಿ ನಿಮ್ಮ ಬಾಗಿಲು ತಟ್ಟಿದಾಗ ಎಡವೋ ಬಲವೋ ಅಂತ ಕೇಳಬೇಡಿ, ನಗುತ್ತಾರೆ. "ನಿಮಗೆ 1 ಕೊಟ್ಟರೆ, 2 ಯಾರಿಗೆ ಕೊಡಲಿ?" ಅಂತ ಕೇಳಿ ನೋಡಿ.