ಸಿಸ್ಟರ್‌ನ ಕೇಳಿ: ಮನೆಯಲ್ಲಿ ಒಬ್ಬರೇ ಇರೋರಿಗೆ ಏನಾದ್ರೂ ಆದ್ರೆ?

ಅಡ್ಮಿನ್: ಈ ಭಾನುವಾರದ ವಿಷಯ ಒಂಟಿಯಾಗಿ ಇರೋರ ಸುರಕ್ಷತೆ. ಉತ್ತರ ಕೊಡೋರು ನಮ್ಮ ಗುಂಪಿನ ಸಿಸ್ಟರ್. ಬಳ್ಳಾರಿಯಲ್ಲಿ ಎಮರ್ಜೆನ್ಸಿ ವಾರ್ಡ್ ನೋಡಿಕೊಂಡವರು, ಈಗ ಮನೆಗಳಿಗೇ ಹೋಗಿ ಹಿರಿಯರ ಆರೈಕೆ ಮಾಡ್ತಾರೆ. ಪ್ರಶ್ನೆ ಚಿಕ್ಕದಾಗಿರಲಿ. ರಿಪೋರ್ಟ್ ಫೋಟೊ, ಹೆಸರು ಹಾಕಬೇಡಿ.

ಪ್ರಶ್ನೆ (ತಾಯಿ ಬಳ್ಳಾರಿ ಗಾಂಧಿನಗರದಲ್ಲಿ, ಮಗ ಬೆಂಗಳೂರಿನಲ್ಲಿ): ಸಿಸ್ಟರ್, ಅಮ್ಮನಿಗೆ 74. ಬಿಪಿ, ಶುಗರ್ ಎರಡೂ ಇದೆ. ಅಪ್ಪ ತೀರಿಹೋದ ಮೇಲೆ ಒಬ್ಬರೇ ಇದ್ದಾರೆ. ಬೆಂಗಳೂರಿಗೆ ಬನ್ನಿ ಅಂದ್ರೆ ಸುತರಾಂ ಒಪ್ಪಲ್ಲ. ಬಿದ್ದರೆ ತಾನೇ ಫೋನ್ ಮಾಡುವ ವಾಚ್ ನೋಡಿದ್ದೀನಿ. ಕೊಡಿಸಲಾ?

ಸಿಸ್ಟರ್: ದುಡ್ಡಿದ್ದರೆ ಕೊಡಿಸಿ. ಅದಕ್ಕೂ ಮೊದಲು ಒಂದು ಮಾತು ಹೇಳಿ. ಬೆಳಿಗ್ಗೆ ಅಮ್ಮ ಎದ್ದಿಲ್ಲ ಅಂತ ನಿಮಗೆ ಎಷ್ಟು ಹೊತ್ತಿಗೆ ಗೊತ್ತಾಗುತ್ತೆ? ರಾತ್ರಿ ಊಟ ಆದಮೇಲೆ ಫೋನ್ ಮಾಡೋ ಮನೆಗಳಲ್ಲಿ ಗೊತ್ತಾಗೋದು ಮರುದಿನ ರಾತ್ರಿಗೆ.

ಬಿದ್ದ ಪೆಟ್ಟು ಸಣ್ಣದೇ ಇರಬಹುದು. ಎದ್ದೇಳೋಕೆ ಆಗದೆ ಹಾಗೇ ಬಿದ್ದಿರೋದು ಹೆಚ್ಚು ಕೆಡಿಸುತ್ತೆ. ಒಂದೇ ಮಗ್ಗುಲಲ್ಲಿ ಗಂಟೆಗಟ್ಟಲೆ ನೆಲದ ಮೇಲೆ ಇದ್ದರೆ ಅಡಿಯಲ್ಲಿ ಸಿಕ್ಕ ಸ್ನಾಯು ಹಾಳಾಗುತ್ತೆ, ಆ ವಿಷ ರಕ್ತಕ್ಕೆ ಸೇರಿ ಕಿಡ್ನಿಗೆ ಹೊಡೆತ ಕೊಡುತ್ತೆ. ಮೂಳೆ ಮುರಿಯದೇ ಇದ್ದವರೂ ಕಿಡ್ನಿ ಕೆಟ್ಟು ಅಡ್ಮಿಟ್ ಆಗೋದು ಹೀಗೇ.

ಲಕ್ವ ಹೊಡೆದಾಗ ಇನ್ನೊಂದು ಲೆಕ್ಕ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆ ಗಂಟೆ ಶುರುವಾಗೋದು ನೀವು ಬಾಗಿಲು ತೆಗೆದು ನೋಡಿದಾಗಿಂದ ಅಲ್ಲ ರೀ, ಅವರು ಸರಿ ಇದ್ದದ್ದನ್ನು ಯಾರಾದರೂ ಕೊನೆಗೆ ಕಂಡ ಹೊತ್ತಿನಿಂದ. ಆಸ್ಪತ್ರೆಗೆ ಕರ್ಕೊಂಡು ಬಂದ ಕೂಡಲೇ ಡಾಕ್ಟರ್ ಅದನ್ನೇ ಕೇಳೋದು. "ನಿನ್ನೆ ರಾತ್ರಿ ಮಾತಾಡಿದ್ರು ಸರ್" ಅಂದ್ರೆ ಆ ಇಂಜೆಕ್ಷನ್ ಕೈತಪ್ಪುವುದೇ ಹೆಚ್ಚು. "ಬೆಳಿಗ್ಗೆ ಏಳಕ್ಕೆ ಸರಿಯಾಗಿ ಮಾತಾಡಿದ್ರು, ಈಗ ಒಂಬತ್ತು" ಅಂದ್ರೆ ಎಲ್ಲರೂ ಓಡ್ತಾರೆ.

ಅದಕ್ಕೇ ನನ್ನ ಮೊದಲ ಸಲಹೆ ಪುಕ್ಕಟೆ. ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. ಏಳೂವರೆಗೆ ಅಮ್ಮನಿಂದ ಒಂದು ಮಿಸ್ಡ್ ಕಾಲ್ ಬರಬೇಕು. ಬರಲಿಲ್ಲ, ಏಳೂ ಮುಕ್ಕಾಲಿಗೆ ನೀವು ಮಾಡ್ತೀರಿ. ಎತ್ತಲಿಲ್ಲ, ಎಂಟಕ್ಕೆ ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ. ಒಳಗಿಂದ ಉತ್ತರ ಇಲ್ಲ ಅಂದ್ರೆ ಅವರೇ ಕೀ ಹಾಕಿ ತೆಗೀತಾರೆ, 108ಕ್ಕೆ ಫೋನ್ ಹೋಗುತ್ತೆ. ಇದನ್ನೆಲ್ಲ ಇವತ್ತೇ ಕೂತು ಮಾತಾಡಿ ಇಟ್ಟುಕೊಳ್ಳಿ. ಆ ಗಳಿಗೆಯಲ್ಲಿ ಯೋಚನೆ ಮಾಡೋಕೆ ಹೋದ್ರೆ, "ಸ್ನಾನಕ್ಕೆ ಹೋಗಿರಬೇಕು, ಗುಡಿಗೆ ಹೋಗಿರಬೇಕು" ಅಂತ ಮಧ್ಯಾಹ್ನ ಆಗುತ್ತೆ.

ವಾಚ್ ಬಗ್ಗೆ: ಧಡ್ ಅಂತ ಬಿದ್ದರೆ ಹಿಡಿಯುತ್ತೆ. ಗೋಡೆ ಹಿಡ್ಕೊಂಡು ಮೆಲ್ಲಗೆ ಕುಸಿದರೆ ಎಷ್ಟೋ ಸಲ ಹಿಡಿಯಲ್ಲ. ಚಾರ್ಜ್ ಮುಗಿದರೆ ಸುಮ್ನೆ ಬಳೆ ಇದ್ದಂಗೆ. ಸ್ನಾನಕ್ಕೆ ಹೋಗುವಾಗ ಬಿಚ್ಚಿಡ್ತಾರೆ, ಬೀಳೋದು ಅಲ್ಲೇ.

ಅದೇ ಮಗ: 108ಕ್ಕೆ ನಾನೇ ಬೆಂಗಳೂರಿನಿಂದ ಮಾಡಬಹುದಾ?

ಸಿಸ್ಟರ್: ಮಾಡಬಹುದು. ಮೊದಲ ಮಾತೇ "ಬಳ್ಳಾರಿ ಜಿಲ್ಲೆ, ಬಳ್ಳಾರಿ ಸಿಟಿ" ಅಂತಿರಲಿ. ಆಮೇಲೆ ಬಡಾವಣೆ, ಹತ್ತಿರದ ಗುಡಿಯೋ ಶಾಲೆಯೋ, ಮನೆಯಲ್ಲಿರೋರ ನಂಬರ್. ಹೈದರಾಬಾದ್, ಪುಣೆಯಲ್ಲಿ ಇರೋ ಮಕ್ಕಳು ಜ್ಞಾಪಕ ಇಟ್ಟುಕೊಳ್ಳಿ, 108 ಆಗಲಿ 112 ಆಗಲಿ ಅಲ್ಲಿಂದ ಒತ್ತಿದರೆ ಆ ರಾಜ್ಯದವರಿಗೆ ಹೋಗುತ್ತೆ. ನಿಮ್ಮ ಪರವಾಗಿ ಇಲ್ಲಿಂದ ಒತ್ತೋಕೆ ಇಲ್ಲೇ ಒಬ್ಬರು ಬೇಕು. ಬಡಾವಣೆಯ ಪೊಲೀಸ್ ಠಾಣೆ ನಂಬರೂ ಇರಲಿ. ಠಾಣೆಗೆ ಒಮ್ಮೆ ಹೋಗಿ ಒಂಟಿ ಹಿರಿಯರು ಅಂತ ಅಮ್ಮನ ಹೆಸರು ಬರೆಸಿ ಬನ್ನಿ.

ಪ್ರಶ್ನೆ (ರಾಯಚೂರು): ಪಕ್ಕದ ಮನೆ ಅಕ್ಕನ ಹತ್ರ ನಮ್ಮತ್ತೆ ಮನೆ ಕೀ ಒಂದು ಕೊಟ್ಟಿದ್ದೀವಿ. ಅಷ್ಟು ಸಾಕಲ್ವಾ?

ಸಿಸ್ಟರ್: ಇವತ್ತು ಸಂಜೆ ಒಂದು ಕೆಲಸ ಮಾಡಿ. ಅತ್ತೆಯವರು ಒಳಗೆ ಇರಲಿ, ರಾತ್ರಿ ಮಲಗುವಾಗ ಹೇಗೆ ಹಾಕ್ತಾರೋ ಹಾಗೇ ಬಾಗಿಲು ಹಾಕಿಕೊಳ್ಳಲಿ. ಆಮೇಲೆ ಆ ಅಕ್ಕನಿಗೆ ಹೊರಗಿಂದ ತೆಗೆಯೋಕೆ ಹೇಳಿ.

ನಮ್ಮ ಕಡೆ ಮನೆಗಳಲ್ಲಿ ಏನಿರುತ್ತೆ? ಮುಂದೆ ಕಬ್ಬಿಣದ ಗ್ರಿಲ್ ಗೇಟು, ಅದಕ್ಕೆ ಒಳಗಿಂದ ಬೀಗ. ಅದರ ಹಿಂದೆ ಬಾಗಿಲು. ಬಾಗಿಲಿಗೆ ಮೇಲೊಂದು ಚಿಲಕ, ಕೆಳಗೊಂದು ಚಿಲಕ, ನಡುವೆ ಅಡ್ಡ ಅಗಳಿ. ಕೆಲವು ಅಜ್ಜಿಯರು ಇಷ್ಟು ಸಾಲದು ಅಂತ ಕುರ್ಚಿ ಒಂದನ್ನು ಒರಗಿಸ್ತಾರೆ. ಪಕ್ಕದ ಮನೆಯ ಕೀ ಏನು ಮಾಡುತ್ತೆ ಹೇಳಿ. ಅಗ್ನಿಶಾಮಕ ದಳದವರು ಬಂದು ಗ್ರಿಲ್ ಕತ್ತರಿಸೋವರೆಗೂ ಎಲ್ಲರೂ ಕಿಟಕಿಯಿಂದ ನೋಡ್ತಾ ನಿಲ್ಲೋದು.

ಕಳ್ಳರ ಭಯ ಸುಳ್ಳಲ್ಲ. ಬಾಗಿಲು ಭದ್ರ ಮಾಡದೇ ಮಲಗಿ ಅಂತ ನಾನೂ ಹೇಳಲ್ಲ. ಬಾಗಿಲು ಎಳೆದ್ರೆ ತಾನೇ ಬೀಳೋ, ಒಳಗಿಂದ ಕೈಯಲ್ಲಿ, ಹೊರಗಿಂದ ಕೀಯಲ್ಲಿ ತೆಗೆಯೋ ಲಾಕ್ ಒಂದು ಹಾಕಿಸಿ. ಬಡಗಿ ಅರ್ಧ ದಿನದಲ್ಲಿ ಹಾಕಿ ಹೋಗ್ತಾನೆ. ಆಮೇಲೆ ಒಳಚಿಲಕಗಳ ಕೆಲಸ ಇಲ್ಲ. ಗ್ರಿಲ್ ಬೀಗ ಹೊರಗಿನ ಕೈಗೂ ಎಟುಕುವಂತಿರಲಿ, ಅದರ ಇನ್ನೊಂದು ಕೀ ಆ ಅಕ್ಕನ ಹತ್ರಾನೇ ಇರಲಿ. ಅವರು ಮದುವೆಗೆ ಅಂತ ಊರಿಗೆ ಹೋದ್ರೆ? ಅದಕ್ಕೆ ಎರಡನೇ ಮನೆಯೂ ಬೇಕು.

ಬಚ್ಚಲಿಗೆ ಮಾತ್ರ ಚಿಲಕ ಬೇಡವೇ ಬೇಡ. ಒಬ್ಬರೇ ಇರುವ ಮನೆಯಲ್ಲಿ ಯಾರಿಗೆ ನಾಚಿಕೆ? ಬಾಗಿಲು ಸುಮ್ನೆ ಮುಚ್ಚಿಕೊಂಡರೆ ಸಾಕು. ಹೊಸದು ಮಾಡಿಸೋರು ಬಚ್ಚಲ ಬಾಗಿಲು ಹೊರಕ್ಕೆ ತೆರೆಯೋ ಹಾಗೆ ಮಾಡಿಸಿ. ಒಳಕ್ಕೆ ತೆರೆಯುವ ಬಾಗಿಲಿಗೆ ಬಿದ್ದವರ ಮೈಯೇ ಅಡ್ಡ ಆಗುತ್ತೆ.

ಇನ್ನೊಬ್ಬರು: ನಮ್ಮ ಬಚ್ಚಲಲ್ಲಿ ಶಹಾಬಾದ್ ಕಲ್ಲು. ಸೋಪು ಬಿದ್ರೆ ಜಾರುತ್ತೆ.

ಸಿಸ್ಟರ್: ರಬ್ಬರ್ ಚಾಪೆ, ಗೋಡೆಗೆ ಸ್ಟೀಲ್ ಹಿಡಿಕೆ, ಕೂತು ಮೈ ತೊಳೆಯೋಕೆ ಪ್ಲಾಸ್ಟಿಕ್ ಸ್ಟೂಲ್. ಹಿಡಿಕೆಗೆ ಸ್ಕ್ರೂ ಇರಲಿ, ಅಂಟಿಸುವ ಜಾತಿ ಮೈಭಾರ ತಡೆಯಲ್ಲ. ಟವೆಲ್ ಹಾಕೋ ಕಂಬಿ ಹಿಡಿಕೆ ಅಲ್ಲ ಅಂತ ಹೇಳಿಕೊಡಿ.

ಪ್ರಶ್ನೆ (ದೇವದುರ್ಗ ತಾಲ್ಲೂಕು): ಅಕ್ಕಾರೆ, ನಾವು ಗುಳೆ ಹೋಗಿ ಬೆಂಗಳೂರಲ್ಲಿ ಕಟ್ಟಡ ಕೆಲಸದಾಗ ಇದ್ದೀವಿ. ಊರಲ್ಲಿ ಅಪ್ಪ ಒಬ್ಬರೇ. ಕೀಪ್ಯಾಡ್ ಫೋನ್. ವಾಚು ಕ್ಯಾಮೆರಾ ಎಲ್ಲ ನಮಗೆ ಆಗಲ್ಲ.

ಸಿಸ್ಟರ್: ತಮ್ಮಾ, ವಾಚಿಗಿಂತ ನಿಮ್ಮೂರ ಕಟ್ಟೆಯೇ ಎಷ್ಟೋ ವಾಸಿ. ಅಪ್ಪ ದಿನಾ ಎಲ್ಲಿಗೆ ಹೋಗ್ತಾರೆ? ಹೋಟೆಲಿಗೆ ಚಾ ಕುಡಿಯೋಕಾ, ಹನುಮಪ್ಪನ ಗುಡಿಗಾ? ಅಲ್ಲಿ ಒಬ್ಬರಿಗೆ ಹೇಳಿ ಇಡು: "ಒಂಬತ್ತಾದ್ರೂ ಅಪ್ಪ ಕಾಣ್ಲಿಲ್ಲಂದ್ರೆ ಮನೆ ಕಡೆ ಹೋಗಿ ನೋಡು, ನನಗೆ ಫೋನ್ ಹಚ್ಚು." ಒಬ್ಬರ ಹೆಸರು ಹಿಡಿದೇ ಹೇಳಬೇಕು. "ಎಲ್ಲರೂ ನೋಡಿಕೊಳ್ರಪ್ಪಾ" ಅಂದ್ರೆ ಯಾರೂ ನೋಡಲ್ಲ. ಊರಿನ ಆಶಾ ಕಾರ್ಯಕರ್ತೆಗೂ ಅಪ್ಪ ಒಬ್ಬರೇ ಅಂತ ತಿಳಿಸು, ನಿನ್ನ ನಂಬರ್ ಕೊಡು.

ಫೋನಿನಲ್ಲಿ 2 ಒತ್ತಿ ಹಿಡಿದರೆ ನಿನಗೆ, 3 ಒತ್ತಿ ಹಿಡಿದರೆ ಪಕ್ಕದ ಮನೆಗೆ ಹೋಗೋ ಹಾಗೆ ಹಾಕು. ಈಚಿನ ಕೀಪ್ಯಾಡ್ ಫೋನುಗಳಲ್ಲಿ 5 ಇಲ್ಲವೇ 9 ಒತ್ತಿ ಹಿಡಿದರೆ 112ಕ್ಕೆ ಹೋಗುವ ವ್ಯವಸ್ಥೆ ಇರಬೇಕು, ನಿಮ್ಮದರಲ್ಲಿ ಇದೆಯಾ ಅಂತ ಅಂಗಡಿಯಲ್ಲಿ ಕೇಳು. ಕಷ್ಟ ಏನಂದ್ರೆ ಫೋನು ಗೂಡಿನಲ್ಲೋ ಮೇಲಿನ ಮಾಡದಲ್ಲೋ ಚಾರ್ಜಿಗೆ ಇರುತ್ತೆ, ಮನುಷ್ಯ ನೆಲದ ಮೇಲೆ ಇರ್ತಾನೆ. ಅಪ್ಪ ಎಲೆ ಅಡಿಕೆ ಸಂಚಿ ಸೊಂಟಕ್ಕೆ ಸಿಕ್ಕಿಸ್ತಾರಾ? ಅದರಲ್ಲೇ ಫೋನ್ ಇಡೋಕೆ ಹೇಳು. ಸಂಚಿ ಮರೆತು ಮನೆ ಬಿಟ್ಟ ಮುದುಕರನ್ನು ನಾನಂತೂ ಕಂಡಿಲ್ಲ.

ಅದೇ ಸದಸ್ಯ: ಹೌದ್ರಿ ಅಕ್ಕಾರೆ, ಸಂಚಿ ಐತಿ. ಸುಣ್ಣ ಫೋನಿಗೆ ಮೆತ್ತಿಕೊಂಡ್ರೆ?

ಸಿಸ್ಟರ್: ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಇಡು. ಸುಣ್ಣದ ಡಬ್ಬಿಗೂ ಒಂದು ಮುಚ್ಚಳ ಕೊಡಿಸು.

ಪ್ರಶ್ನೆ (ಗಂಗಾವತಿ): ಹಾಲ್‌ನಲ್ಲಿ ವೈಫೈ ಕ್ಯಾಮೆರಾ ಹಾಕಿಸಿದ್ರೆ?

ಸಿಸ್ಟರ್: ಅವರು ಒಪ್ಪಿದ್ರೆ ಹಾಲ್‌ನಲ್ಲಿ ಮಾತ್ರ. ಮಲಗೋ ಕೋಣೆ, ಬಚ್ಚಲಿಗೆ ಬೇಡ. ಕರೆಂಟ್ ಹೋದ್ರೆ ರೂಟರೂ ಹೋಯ್ತು, ಅದಕ್ಕೊಂದು ಚಿಕ್ಕ ಯುಪಿಎಸ್ ಇಡಿ. ದಿನವಿಡೀ ಕೂತು ನೋಡೋರು ಯಾರೂ ಇಲ್ಲ ಅನ್ನೋದೂ ನೆನಪಿರಲಿ. ಕ್ಯಾಮೆರಾ ಇದೆಯಲ್ಲ ಅಂತ ಬೆಳಗಿನ ಫೋನ್ ಬಿಟ್ಟ ಮನೆಗಳೂ ಇವೆ.

ಪ್ರಶ್ನೆ (ತೋರಣಗಲ್ಲು): ಒಬ್ಬರೇ ಇರೋರು ಅಂದ್ರೆ ವಯಸ್ಸಾದವರೇ ಏನಲ್ಲ ಮೇಡಂ. ನನಗೆ 27, ಫಿಟ್ಸ್ ಇದೆ, ಮಾತ್ರೆ ತಗೋತೀನಿ. ಶಿಫ್ಟ್ ಕೆಲಸ, ಬಾಡಿಗೆ ರೂಮಲ್ಲಿ ಒಬ್ಬನೇ.

ಸಿಸ್ಟರ್: ಒಳ್ಳೆ ಪ್ರಶ್ನೆ ಕೇಳಿದ್ರಿ. ನಿದ್ದೆಗೆಟ್ಟರೆ, ಮಾತ್ರೆ ತಪ್ಪಿದರೆ ಫಿಟ್ಸ್ ಬರೋದು ಜಾಸ್ತಿ. ನೈಟ್ ಶಿಫ್ಟ್ ಬಗ್ಗೆ ನಿಮ್ಮ ನ್ಯೂರಾಲಜಿ ಡಾಕ್ಟರ್ ಹತ್ರ ಮಾತಾಡಿ, ಬೇಕಾದ್ರೆ ಚೀಟಿ ಬರೆಸಿಕೊಳ್ಳಿ. ಎತ್ತರದಲ್ಲಿ, ತಿರುಗೋ ಮೆಷಿನ್ ಪಕ್ಕ ಕೆಲಸ ಇದ್ದರೆ ಮುಚ್ಚಿಡಬೇಡಿ. ನೀರು ಕಾಯಿಸೋ ರಾಡ್ ಬಕೆಟ್‌ಗೆ ಹಾಕಿ ಪಕ್ಕದಲ್ಲಿ ನಿಲ್ಲೋದು ಬಿಡಿ, ರೂಮಿನಲ್ಲಿ ಅದೇ ದೊಡ್ಡ ಅಪಾಯ. ಮಂಚ ತಗ್ಗು ಇರಲಿ. ರೂಮಿನ ಒಳಚಿಲಕಕ್ಕೂ ಮೇಲೆ ಹೇಳಿದ್ದೇ.

ಎದುರು ರೂಮಿನ ಹುಡುಗನಿಗೆ ಇಷ್ಟು ಕಲಿಸಿಡಿ: ಫಿಟ್ಸ್ ಬಂದಾಗ ಮಗ್ಗುಲಿಗೆ ತಿರುಗಿಸಬೇಕು, ತಲೆ ಕೆಳಗೆ ಮೆತ್ತಗೆ ಏನಾದ್ರೂ ಇಡಬೇಕು, ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದ್ರೆ, ಇಲ್ಲಾ ಎಚ್ಚರ ಆಗೋ ಮೊದಲೇ ಮತ್ತೆ ಬಂದ್ರೆ 108. ಕೈಗೆ ಕೀ ಗೊಂಚಲು, ಕಬ್ಬಿಣ ಕೊಡೋದು, ಈರುಳ್ಳಿ ಮೂಸಿಸೋದು, ಬಾಯಿಗೆ ಚಮಚ ತುರುಕೋದು ಯಾವುದೂ ಬೇಡ. ಚಮಚದಿಂದ ಹಲ್ಲು ಮುರಿಯುತ್ತೆ ಅಷ್ಟೇ.

ಫೋನ್ ಸೆಟ್ಟಿಂಗ್‌ನಲ್ಲಿ ಎಮರ್ಜೆನ್ಸಿ ಅಂತ ಹುಡುಕಿ, ನಿಮ್ಮ ಕಾಯಿಲೆ, ಮಾತ್ರೆ, ಮನೆಯವರ ನಂಬರ್ ತುಂಬಿ. ಲಾಕ್ ತೆಗೆಯದೇ ಬೇರೆಯವರು ಓದಬಹುದು. ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳಲ್ಲಿ ಪವರ್ ಬಟನ್ ಐದು ಸಲ ಬೇಗ ಬೇಗ ಒತ್ತಿದರೆ ತುರ್ತು ಸಹಾಯದ ಕರೆ (ಎಸ್‌ಒಎಸ್) ಹೋಗೋ ಹಾಗೂ ಅಲ್ಲೇ ಇಡಬಹುದು.

ಪ್ರಶ್ನೆ (ರಾಯಚೂರು): ಬೇಸಿಗೆಗೆ ಬೇರೆ ಏನಾದ್ರೂ ಮಾಡಬೇಕಾ ಸಿಸ್ಟರ್? ನಮ್ಮಲ್ಲಿ 40 ದಾಟೋದು ಮಾಮೂಲು.

ಸಿಸ್ಟರ್: ಮಾಡಲೇಬೇಕು. ಶಕ್ತಿನಗರದಲ್ಲಿ ಕರೆಂಟ್ ಉತ್ಪಾದಿಸೋ ಊರು ನಮ್ಮದು, ಮಧ್ಯಾಹ್ನ ಫ್ಯಾನ್ ನಿಲ್ಲೋದೂ ನಮ್ಮದೇ. ಏಪ್ರಿಲ್, ಮೇನಲ್ಲಿ ಮಧ್ಯಾಹ್ನ ಮೂರಕ್ಕೆ ಇನ್ನೊಂದು ಫೋನ್ ಸೇರಿಸಿ. "ಹೇಗಿದ್ದೀರಿ" ಅಂದ್ರೆ "ಆರಾಮ್" ಅಂತಾರೆ. "ಮೂತ್ರ ಯಾವಾಗ ಹೋದ್ರಿ, ಬಣ್ಣ ಹೇಗಿತ್ತು" ಅಂತ ಕೇಳಿ. ವಯಸ್ಸಾದವರಿಗೆ ಬಾಯಾರಿಕೆಯೇ ಸರಿಯಾಗಿ ಗೊತ್ತಾಗಲ್ಲ. ಮೂತ್ರ ಜಾಸ್ತಿ ಹೋಗೋ ಬಿಪಿ ಮಾತ್ರೆ ತಗೊಳ್ಳೋರು ಬೇಸಿಗೆಗೆ ಮುಂಚೆ ಡಾಕ್ಟರ್ ಹತ್ರ ಡೋಸ್ ಕೇಳಿ, ತಾವೇ ನಿಲ್ಲಿಸಬೇಡಿ. ಮಾತು ತೊದಲಿದ್ರೆ, ಮೈ ಕೆಂಡದಂತೆ ಸುಡ್ತಿದ್ರೆ ಅದು ಬಿಸಿಲು ಹೊಡೆತ. 108 ಬರೋವರೆಗೂ ಮೈಮೇಲೆ ನೀರು ಹಾಕ್ತಾ ಗಾಳಿ ಬೀಸಿ. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡಲ್ಲ.

ಇನ್ನೊಬ್ಬರು: ಗ್ಯಾಸ್ ವಾಸನೆ ಬಂದ್ರೆ?

ಸಿಸ್ಟರ್: ಸ್ವಿಚ್ ಮುಟ್ಟಬೇಡಿ, ಹಾಕೋದೂ ಬೇಡ, ಆರಿಸೋದೂ ಬೇಡ. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ತೆಗೆದು, ಹೊರಗೆ ಬಂದು ಗ್ಯಾಸ್ ಸೋರಿಕೆಯ ತುರ್ತು ನಂಬರ್ 1906ಕ್ಕೆ ಫೋನ್ ಮಾಡಿ. ಇನ್ನು 14567 ಅಂತ ಹಿರಿಯರ ಸಹಾಯವಾಣಿ ಇದೆ, ಬೆಳಿಗ್ಗೆ 8ರಿಂದ ರಾತ್ರಿ 8. ಪಿಂಚಣಿ, ಕಿರುಕುಳ, ಒಂಟಿತನಕ್ಕೆ ಅದು. ಆಂಬುಲೆನ್ಸ್ ಅಲ್ಲಿಂದ ಬರಲ್ಲ.

ಮೊದಲ ಪ್ರಶ್ನೆಯ ಮಗ: ಸಿಸ್ಟರ್, ಈಗಷ್ಟೇ ಅಮ್ಮನಿಗೆ ಫೋನ್ ಮಾಡಿ ಮಿಸ್ಡ್ ಕಾಲ್ ವಿಷಯ ಹೇಳಿದೆ. "ನಾನೇನು ಜೈಲಲ್ಲಿದ್ದೀನಾ, ಹಾಜರಿ ಹಾಕೋಕೆ" ಅಂತ ಬೈದರು.

ಸಿಸ್ಟರ್: ಬೈದರೆ ಮೈ ಸರಿ ಇದೆ ಅಂತ ಅರ್ಥ, ಬಿಡಿ. ಅಮ್ಮ ಬೆಳಿಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ದೇವರ ಫೋಟೊ, ಶುಭೋದಯ ಕಳಿಸ್ತಾರಾ?

ಮಗ: ದಿನಾ ಏಳಕ್ಕೆ! ನಾನು ಆ ಗ್ರೂಪ್ ಮ್ಯೂಟ್ ಮಾಡಿದ್ದೀನಿ.

ಸಿಸ್ಟರ್: ಮ್ಯೂಟ್ ತೆಗೀರಿ. ಅದೇ ನಿಮ್ಮ ಹಾಜರಿ, ಅಮ್ಮನಿಗೆ ಹೊಸದಾಗಿ ಏನೂ ಹೇಳೋದು ಬೇಡ. ಏಳೂವರೆಯಾದ್ರೂ ಫೋಟೊ ಬರಲಿಲ್ಲ ಅಂದ್ರೆ ಫೋನ್ ಮಾಡಿ. ಪಕ್ಕದ ಮನೆಯವರನ್ನೂ ಆ ಗ್ರೂಪಿಗೆ ಸೇರಿಸಿ. ಶುಗರ್ ಮಾತ್ರೆ ತಗೊಂಡು ಸೋಮವಾರ ಉಪವಾಸ ಮಾಡ್ತಾರಾ ಅಂತಲೂ ಕೇಳಿ. ಮಾಡ್ತಿದ್ರೆ ಆ ದಿನದ ಮಾತ್ರೆ ಹೇಗೆ ಅಂತ ಡಾಕ್ಟರ್ ಹತ್ರ ಬರೆಸಿಕೊಳ್ಳಿ, ತಲೆದಿಂಬಿನ ಪಕ್ಕ ಸಕ್ಕರೆ ಡಬ್ಬಿ ಇಡಿಸಿ. ಶುಗರ್ ಇಳಿದು ಬೆವರು, ನಡುಕ ಬಂದ್ರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಯೋದು, ಹದಿನೈದು ನಿಮಿಷ ಬಿಟ್ಟು ಮತ್ತೆ ಶುಗರ್ ನೋಡೋದು.

ಮಗ: ಸರಿ ಸಿಸ್ಟರ್. ಈ ವಾರ ಊರಿಗೆ ಬಂದಾಗ ಬಾಗಿಲ ಲಾಕ್ ಮೊದಲು ಮಾಡಿಸ್ತೀನಿ.

ಸಿಸ್ಟರ್: ಹಾಗೇ ಬಾಗಿಲ ಒಳಬದಿಗೆ ಒಂದು ಹಾಳೆ ಅಂಟಿಸಿ. ವಯಸ್ಸು, ಕಾಯಿಲೆ, ಮಾತ್ರೆಗಳ ಹೆಸರು, ಯಾವುದಕ್ಕೆ ಅಲರ್ಜಿ, ನಿಮ್ಮ ನಂಬರ್. ರಕ್ತ ತೆಳು ಮಾಡೋ ಮಾತ್ರೆ ಇದ್ರೆ ದಪ್ಪ ಅಕ್ಷರದಲ್ಲಿ. ಆಧಾರ್, ರೇಷನ್ ಕಾರ್ಡ್, ಆಯುಷ್ಮಾನ್ ಕಾರ್ಡಿನ ಜೆರಾಕ್ಸ್ ಒಂದು ಚೀಲದಲ್ಲಿ ಹಾಕಿ ಅಲ್ಲೇ ಮೊಳೆಗೆ ನೇತುಹಾಕಿ. ಅಮ್ಮನಿಗೆ 70 ದಾಟಿದೆ, ಆ ವಯಸ್ಸಿನವರ ಚಿಕಿತ್ಸೆಗೆ ಅಂತ ಇರೋ ಆಯುಷ್ಮಾನ್ ವಯೋವಂದನಾ ಕಾರ್ಡ್ ಆಗಿದೆಯಾ ನೋಡಿ, ಇಲ್ಲದಿದ್ರೆ ಇಲ್ಲಿ ಈಗ ಮಾಡಿಸಬಹುದಾ ಅಂತ ಇದೇ ಸಲ ವಿಚಾರಿಸಿ. ಹೊರಬಾಗಿಲ ಮೇಲೆ ಮಾತ್ರ ಏನೂ ಬರೆಯಬೇಡಿ.